ಶಾಲಾ ಬಸ್ ಚಾಲಕರನ್ನು ಉಳಿಸಿಕೊಳ್ಳುವುದು ಹೇಗೆ: ಆಡಳಿತ ಮಂಡಳಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಖಾಸಗಿ ಶಾಲೆಗಳ ಕಾರ್ಯದರ್ಶಿಗಳು, ಮುಖ್ಯೋಪಾಧ್ಯಾಯರು ಮತ್ತು ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್‌ಗಳು ಚಾಲಕರ ವಿಷಯದಲ್ಲಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಸ್ವಂತ ಬಸ್ಸು ಓಡಿಸುವ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ, ಬಸ್ಸುಗಳನ್ನು ಗುತ್ತಿಗೆಗೆ ಪಡೆದಿರುವ ಶಾಲೆಗಳಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಪ್ರಶ್ನೆ: ನಾವು ಬೇರೆ ಶಾಲೆಗಳಷ್ಟೇ ಸಂಬಳ ಕೊಡುತ್ತಿದ್ದೇವೆ. ಆದರೂ ಪ್ರತಿ ಜೂನ್‌ನಲ್ಲಿ ಹೊಸ ಚಾಲಕರನ್ನು ಹುಡುಕಬೇಕಾಗಿ ಬರುವುದೇಕೆ?

ಎಷ್ಟು ಸಂಬಳ ಎಂಬುದಕ್ಕಿಂತ ಎಷ್ಟು ತಿಂಗಳ ಸಂಬಳ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಬಹಳಷ್ಟು ಶಾಲೆಗಳು ಚಾಲಕರಿಗೆ ಹತ್ತು ತಿಂಗಳು ಮಾತ್ರ ಸಂಬಳ ಕೊಟ್ಟು, ಏಪ್ರಿಲ್ ಎರಡನೆಯ ವಾರದಲ್ಲಿ ಬಸ್ಸನ್ನು ಶೆಡ್ಡಿಗೆ ಹಾಕಿ, "ಸ್ಕೂಲ್ ಶುರುವಾಗುವ ಹೊತ್ತಿಗೆ ಫೋನ್ ಮಾಡುತ್ತೇವೆ" ಎಂದು ಕಳುಹಿಸಿಬಿಡುತ್ತವೆ. ಮನೆ ಬಾಡಿಗೆ, ಚೀಟಿಯ ಕಂತು, ಸಂಘದ ಸಾಲ ಇವುಗಳಿಗೆ ಬೇಸಿಗೆ ರಜೆ ಇರುವುದಿಲ್ಲವಾದ್ದರಿಂದ ಆ ಚಾಲಕ ಮರುದಿನವೇ ಬೇರೆ ಸ್ಟೇರಿಂಗ್ ಹಿಡಿಯಲೇಬೇಕಾಗುತ್ತದೆ, ಮತ್ತು ಮೈಸೂರಿನಲ್ಲಿ ಅದೇ ಎರಡು ತಿಂಗಳು ಪ್ರವಾಸದ ಹಂಗಾಮು. ಊಟಿ, ಕೊಡಗು, ವಯನಾಡಿನ ಕಡೆಗೆ ಟಿಟಿ (ಟೆಂಪೋ ಟ್ರಾವೆಲರ್) ಓಡಿಸಿದರೆ ಸಂಬಳದ ಮೇಲೆ ಬಾಟಾ, ಅಂದರೆ ದಿನಭತ್ಯೆ, ಸಿಗುತ್ತದೆ. ಹೆಬ್ಬಾಳ, ಕಡಕೊಳ, ನಂಜನಗೂಡಿನ ಕೈಗಾರಿಕಾ ಪ್ರದೇಶಗಳ ಕಾರ್ಖಾನೆ ಬಸ್ಸು ಸಿಕ್ಕಿತೆಂದರೆ ವರ್ಷದ ಹನ್ನೆರಡು ತಿಂಗಳೂ ಕೆಲಸ. ಕೆಎಸ್‌ಆರ್‌ಟಿಸಿ ನೇಮಕಾತಿ ಪ್ರಕಟಣೆ ಹೊರಬಿದ್ದರಂತೂ ಅರ್ಹತೆಯುಳ್ಳ ಯಾರೂ ಅರ್ಜಿ ಹಾಕದೆ ಉಳಿಯುವುದಿಲ್ಲ. ಜೂನ್‌ನಲ್ಲಿ ಬಾರದ ಚಾಲಕನನ್ನು ನಿಜವಾಗಿ ಬಿಟ್ಟದ್ದು ಏಪ್ರಿಲ್‌ನಲ್ಲಿ, ಅದೂ ಶಾಲೆಯೇ.

ಪ್ರಶ್ನೆ: ಓಡದ ಬಸ್ಸಿಗೆ ಎರಡು ತಿಂಗಳು ಸಂಬಳ ಕೊಡಲು ಹಣ ಎಲ್ಲಿಂದ ತರಬೇಕು?

ಲೆಕ್ಕ ಹಾಕಿ ನೋಡಿದರೆ ಭಯಪಡುವಷ್ಟು ಇಲ್ಲ. ಉದಾಹರಣೆಗೆ ತಿಂಗಳಿಗೆ 16,000 ರೂಪಾಯಿ ಸಂಬಳವೆಂದೂ ಬಸ್ಸಿನಲ್ಲಿ 40 ಮಕ್ಕಳೆಂದೂ ಇಟ್ಟುಕೊಳ್ಳೋಣ. ಎರಡು ತಿಂಗಳ ಹೆಚ್ಚುವರಿ ಸಂಬಳ 32,000 ರೂಪಾಯಿ. ಮಗುವೊಂದಕ್ಕೆ ವರ್ಷಕ್ಕೆ 800, ಶುಲ್ಕ ವಸೂಲಾಗುವ ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 80 ರೂಪಾಯಿ. ಪೋಷಕರ ಸಭೆಯಲ್ಲಿ ಈ ಲೆಕ್ಕವನ್ನು ಮುಚ್ಚಿಡದೆ, "ನಿಮ್ಮ ಮಗುವನ್ನು ಈ ವರ್ಷ ಕರೆದುಕೊಂಡು ಹೋದವರೇ ಮುಂದಿನ ವರ್ಷವೂ ಬರಬೇಕೆಂದರೆ ಇದು ಅದರ ಖರ್ಚು" ಎಂದು ಹೇಳಿದರೆ ತಕರಾರು ತೆಗೆಯುವವರು ಕಡಿಮೆ. ಬಸ್ ಶುಲ್ಕವನ್ನು ಡೀಸೆಲ್ ದರದ ಹೆಸರಿನಲ್ಲಿ ಏರಿಸಿ ಚಾಲಕನಿಗೆ ಅದರಲ್ಲಿ ಬಿಡಿಗಾಸೂ ತಲುಪದಿರುವುದಕ್ಕಿಂತ ಇದು ಎಷ್ಟೋ ಮೇಲು.

ಹಾಗೆ ನೋಡಿದರೆ ಬೇಸಿಗೆಯಲ್ಲಿ ಕೆಲಸ ಇಲ್ಲದೆಯೂ ಇಲ್ಲ. ಎಫ್‌ಸಿಗೆ (ವಾಹನದ ಅರ್ಹತಾ ಪ್ರಮಾಣಪತ್ರಕ್ಕೆ) ಮುಂಚಿನ ಬಣ್ಣ, ಸೀಟು ಹೊಲಿಗೆ, ಬ್ರೇಕ್ ಲೈನರ್, ಟೈರು ಬದಲಾವಣೆ ಇವೆಲ್ಲವನ್ನೂ ಆ ಬಸ್ಸನ್ನು ಓಡಿಸುವವನೇ ಗ್ಯಾರೇಜಿನಲ್ಲಿ ನಿಂತು ಮಾಡಿಸಿದರೆ ಬಿಲ್ಲೂ ಕಡಿಮೆಯಾಗುತ್ತದೆ, ಕೆಲಸವೂ ಗಟ್ಟಿಯಾಗುತ್ತದೆ. ಹೊಸ ದಾಖಲಾತಿಗಳ ಸ್ಟಾಪುಗಳನ್ನು ಒಮ್ಮೆ ಸುತ್ತಿ ನೋಡುವುದು, ಕಣ್ಣಿನ ತಪಾಸಣೆ, ಪ್ರಥಮ ಚಿಕಿತ್ಸೆಯ ತರಬೇತಿ ಇವಕ್ಕೂ ಅದೇ ಸಮಯ. ಪೂರ್ಣ ಸಂಬಳ ಸಾಧ್ಯವೇ ಇಲ್ಲದ ಸಣ್ಣ ಶಾಲೆಗಳು ಅರ್ಧ ಸಂಬಳ ಕೊಟ್ಟು, ಮೇ ತಿಂಗಳಲ್ಲಿ ಬೇರೆಡೆ ದುಡಿಯಲು ಲಿಖಿತವಾಗಿ ಅನುಮತಿಸಬಹುದು. ಆದರೆ ಹತ್ತು ತಿಂಗಳ ಸಂಬಳವನ್ನೇ ಹನ್ನೆರಡು ಭಾಗ ಮಾಡಿ ಕೊಟ್ಟು "ವರ್ಷಪೂರ್ತಿ ಸಂಬಳ" ಎಂದು ಕರೆಯುವ ಜಾಣತನವನ್ನು ಮಾತ್ರ ಮಾಡಬಾರದು. ಚಾಲಕರಿಗೆ ಭಾಗಾಕಾರ ಗೊತ್ತಿದೆ.

ಪ್ರಶ್ನೆ: ಬೆಳಗಿನ ಟ್ರಿಪ್ ಮುಗಿದ ಮೇಲೆ ಸಂಜೆಯವರೆಗೂ ಅವರು ಸುಮ್ಮನೆ ಕುಳಿತಿರುತ್ತಾರೆ. ಅದು ಸುಲಭದ ಕೆಲಸವಲ್ಲವೇ?

ಹೊರಗಿನಿಂದ ಹಾಗೆ ಕಾಣುತ್ತದೆ. ಬನ್ನೂರು ಅಥವಾ ತಿ.ನರಸೀಪುರದ ಕಡೆಯ ರೂಟಿನ ಚಾಲಕ ಬೆಳಗ್ಗೆ ಐದೂವರೆಗೆ ಬಸ್ಸಿನ ಬಳಿ ಇರುತ್ತಾನೆ. ಎಂಜಿನ್ ಆಯಿಲ್ಲಿನ ಕಡ್ಡಿ ಎಳೆದು ನೋಡಿ, ರೇಡಿಯೇಟರಿಗೆ ನೀರು ಹಾಕಿ, ಹಿಂದಿನ ಜೋಡಿ ಟೈರುಗಳನ್ನು ರಾಡಿನಿಂದ ತಟ್ಟಿ ಶಬ್ದ ಕೇಳಿ, ಏರ್ ಬ್ರೇಕಿನ ಮುಳ್ಳು ಮೇಲೇರುವವರೆಗೆ ಕಾಯುತ್ತಾನೆ. ಸಂಜೆ ಕೊನೆಯ ಮಗುವನ್ನು ಇಳಿಸಿ, ಹಿಂದಿನ ಸೀಟಿನವರೆಗೆ ನಡೆದು ಯಾರೂ ನಿದ್ದೆ ಹೋಗಿಲ್ಲವೆಂದು ಖಾತ್ರಿ ಮಾಡಿಕೊಂಡು ಬಸ್ಸು ನಿಲ್ಲಿಸುವಾಗ ಆರು ಗಂಟೆ ದಾಟಿರುತ್ತದೆ. ಈ ಹನ್ನೆರಡೂವರೆ ಗಂಟೆಗಳಲ್ಲಿ ಸ್ಟೇರಿಂಗ್ ಹಿಡಿದದ್ದು ಐದು ಗಂಟೆಯೇ ಆಗಿದ್ದರೂ ಉಳಿದ ಹೊತ್ತು ಅವನ ಕೈಯಲ್ಲಿ ಇರುವುದಿಲ್ಲ. ಮನೆಗೆ ಹೋಗಿ ಬರಲು ದೂರ, ಇನ್ನೊಂದು ಕೆಲಸಕ್ಕೆ ಸಮಯ ಸಾಲದು.

ಈಗ ಹೊಸ ಕಾರ್ಮಿಕ ಸಂಹಿತೆಯಲ್ಲಿ ಲೀನವಾಗಿರುವ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ಈ ವೃತ್ತಿಯ ಸ್ವರೂಪವನ್ನು ಚೆನ್ನಾಗಿ ಅರಿತೇ ಕೆಲವು ಮಿತಿಗಳನ್ನು ಹಾಕಿತ್ತು: ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ಬಿಡುವನ್ನೂ ಸೇರಿಸಿ ಕೆಲಸದ ಹರವು 12 ಗಂಟೆ ಮೀರಬಾರದು, ದಿನದ ಕೆಲಸವನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡಬಾರದು, ಒಂದು ದಿನದ ಕೆಲಸ ಮುಗಿದು ಮರುದಿನದ್ದು ಆರಂಭವಾಗುವ ನಡುವೆ ಕನಿಷ್ಠ 9 ಗಂಟೆ ವಿಶ್ರಾಂತಿ ಇರಬೇಕು. ವೇಳಾಪಟ್ಟಿ ಸಿದ್ಧಪಡಿಸುವಾಗ ಈ ಮಿತಿಗಳನ್ನು ಗೋಡೆಗೆ ಅಂಟಿಸಿಕೊಂಡು ಕೂತರೆ, ಯಾವ ರೂಟು ಚಾಲಕನನ್ನು ಸುಸ್ತು ಮಾಡುತ್ತಿದೆ ಎಂಬುದು ಕಾಗದದ ಮೇಲೆಯೇ ಕಾಣುತ್ತದೆ.

ಮಧ್ಯಾಹ್ನದ ಬಿಡುವಿಗೆ ಬೇಕಾದದ್ದು ಒಂದು ಕೋಣೆ, ಎರಡು ಮಂಚ, ಫ್ಯಾನು, ಕುಡಿಯುವ ನೀರು ಮತ್ತು ಅವರು ಬಳಸಬಹುದಾದ ಶೌಚಾಲಯ. ಕೊನೆಯದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ: ಮಕ್ಕಳ ಶೌಚಾಲಯಕ್ಕೆ ಚಾಲಕರು ಹೋಗಬಾರದೆಂಬುದು ಸರಿಯಾದ ನಿಯಮವೇ, ಆದರೆ ಹಾಗೆ ನಿಯಮ ಮಾಡಿದ ಎಷ್ಟೋ ಶಾಲೆಗಳು ಅವರಿಗೆ ಬೇರೆ ವ್ಯವಸ್ಥೆ ಮಾಡಿಕೊಡುವುದನ್ನು ಮರೆತಿವೆ. ಬೇಸಿಗೆಯ ಬಿಸಿಲಿನಲ್ಲಿ ಬಸ್ಸಿನ ಹಿಂಬದಿಯ ಉದ್ದ ಸೀಟಿನ ಮೇಲೆ ಮಲಗಿ ಬೆವರುವವನು ಸಂಜೆಯ ಟ್ರಿಪ್ಪಿಗೆ ಎಷ್ಟು ಎಚ್ಚರವಾಗಿರುತ್ತಾನೆಂದು ಆಡಳಿತ ಮಂಡಳಿಯೇ ಯೋಚಿಸಬೇಕು. ಇನ್ನು, ಆ ಹೊತ್ತಿನಲ್ಲಿ ಕಾರ್ಯದರ್ಶಿಗಳ ಮನೆಗೆ ಗ್ಯಾಸ್ ಸಿಲಿಂಡರ್ ತರಿಸುವುದು, ಅವರ ಕಾರು ತೊಳೆಸುವುದು ಕೂಡದು. ಕೆಲಸ ಬಿಡಲು ಯಾರೂ ಇದನ್ನು ಕಾರಣವೆಂದು ಹೇಳುವುದಿಲ್ಲ. ಮನಸ್ಸು ಮುರಿಯುವುದು ಮಾತ್ರ ಇಲ್ಲಿಂದಲೇ.

ಪ್ರಶ್ನೆ: ಮಂಡ್ಯದ ಹಳ್ಳಿ ರೂಟುಗಳಲ್ಲಿ ಬಸ್ಸನ್ನು ರಾತ್ರಿ ಚಾಲಕನ ಊರಿನಲ್ಲೇ ನಿಲ್ಲಿಸಲು ಬಿಡಬಹುದೇ?

ರೂಟಿನ ಕೊನೆಯ ಊರಿನವನನ್ನೇ ಚಾಲಕನನ್ನಾಗಿ ನೇಮಿಸಿ ನೈಟ್ ಹಾಲ್ಟ್ ಕೊಡುವುದು ಪಾಂಡವಪುರ, ನಾಗಮಂಗಲ, ಮಳವಳ್ಳಿ ಕಡೆಯ ರೂಟುಗಳಿಗೆ ಹೊಂದುವ ಉತ್ತಮ ವ್ಯವಸ್ಥೆ. ಖಾಲಿ ಬಸ್ಸು ಓಡುವ ಕಿಲೋಮೀಟರುಗಳು ಉಳಿಯುತ್ತವೆ, ಚಾಲಕನ ದಿನ ಒಂದೆರಡು ಗಂಟೆ ಚಿಕ್ಕದಾಗುತ್ತದೆ. ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಮನೆಯವನಿಗೆ ಆ ಒಂದು ಗಂಟೆ ಸಂಬಳದಷ್ಟೇ ಮುಖ್ಯ. ಆದರೆ ನಿಲ್ಲಿಸುವ ಜಾಗ, ಡೀಸೆಲ್ ಲೆಕ್ಕ, ಬ್ಯಾಟರಿ ಕಳುವಾದರೆ ಯಾರ ಹೊಣೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಕಳವಿನ ನಷ್ಟವನ್ನು ಚಾಲಕನ ಸಂಬಳದಲ್ಲಿ ಮುರಿದುಕೊಳ್ಳುವ ಪದ್ಧತಿ ಇಟ್ಟುಕೊಂಡರೆ ನೈಟ್ ಹಾಲ್ಟ್ ಸವಲತ್ತಾಗಿ ಉಳಿಯುವುದಿಲ್ಲ, ಶಿಕ್ಷೆಯಾಗುತ್ತದೆ. ಇಂಥ ಚಾಲಕರಿಗೆ ನಾಟಿ ಮತ್ತು ಕೊಯ್ಲಿನ ಸಮಯದಲ್ಲಿ ಸರದಿಯ ಮೇಲೆ ನಾಲ್ಕಾರು ದಿನ ರಜೆ ಕೊಡಲು ಆಕ್ಟಿಂಗ್ ಡ್ರೈವರ್ (ಬದಲಿ ಚಾಲಕ) ಒಬ್ಬನನ್ನು ಮೊದಲೇ ಗೊತ್ತುಮಾಡಿ ರೂಟು ತೋರಿಸಿಟ್ಟಿರುವುದು ಒಳ್ಳೆಯದು.

ಪ್ರಶ್ನೆ: ಒಬ್ಬ ಹೋದರೆ ಇನ್ನೊಬ್ಬ ಬರುತ್ತಾನೆ. ಚಾಲಕ ಬದಲಾಗುವುದರಿಂದ ನಿಜವಾಗಿ ಆಗುವ ನಷ್ಟವೇನು?

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಮಂದಿ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಅದು ಶಾಲೆಯ ಬಸ್ಸಲ್ಲ, ಅದರ ಕಾರಣಗಳ ಚರ್ಚೆ ಇಲ್ಲಿಯ ವಿಷಯವೂ ಅಲ್ಲ. ಆದರೆ ಮಂಡ್ಯದ ಶಾಲಾ ಬಸ್ಸುಗಳೂ ಅಂಥ ನಾಲೆ ಏರಿಯ ರಸ್ತೆಗಳ ಮೇಲೆಯೇ ಓಡುತ್ತವೆ. ಯಾವ ತಿರುವಿನಲ್ಲಿ ತಡೆಗೋಡೆ ಇಲ್ಲ, ಮಳೆ ಬಂದ ಮರುದಿನ ಏರಿಯ ಯಾವ ಅಂಚು ಮೆತ್ತಗಾಗಿರುತ್ತದೆ, ಎದುರಿಗೆ ಕಬ್ಬಿನ ಗಾಡಿ ಬಂದರೆ ಯಾವ ಮರದ ಬಳಿ ಪಕ್ಕಕ್ಕೆ ಸರಿದು ನಿಲ್ಲಬಹುದು ಎಂಬುದು ಎರಡು ಮಳೆಗಾಲ ಓಡಿಸಿದವನಿಗೆ ಗೊತ್ತು, ನಿನ್ನೆ ಸೇರಿದವನಿಗೆ ಗೊತ್ತಿಲ್ಲ. ಮಕ್ಕಳ ವಿಷಯವೂ ಹಾಗೆಯೇ: ಯಾವ ಮಗುವನ್ನು ಅಜ್ಜಿ ಬಂದರಷ್ಟೇ ಇಳಿಸಬೇಕು, ಯಾವ ಮಗುವಿಗೆ ಹಿಂದಿನ ಸೀಟಿನಲ್ಲಿ ಕೂತರೆ ವಾಂತಿಯಾಗುತ್ತದೆ ಎಂಬ ತಿಳಿವಳಿಕೆ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ.

ಪ್ರಶ್ನೆ: ನೇಮಕಾತಿ ಪತ್ರ, ಪಿಎಫ್, ಇಎಸ್‌ಐ ಇವೆಲ್ಲ ಚಾಲಕರಿಗೂ ಅಗತ್ಯವೇ? ಅವರೇ "ಕೈಗೇ ಕೊಡಿ ಸಾರ್" ಎನ್ನುತ್ತಾರಲ್ಲ.

ಅವರು ಹಾಗೆನ್ನುವುದು ನಿಜ. ಹಿಂದಿನ ಕೆಲಸದಲ್ಲಿ ಕಟ್ಟಿದ ಪಿಎಫ್ ಹಣ ಕೈಗೆ ಬಾರದೆ ಅಲೆದಾಡಿದವರು ಇನ್ನೇನನ್ನು ಹೇಳಿಯಾರು? ಆದರೂ ಕಾನೂನಿನಲ್ಲಿ ಆಯ್ಕೆಯ ಮಾತಿಲ್ಲ. 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಪಿಎಫ್, ಅಂದರೆ ಭವಿಷ್ಯನಿಧಿ, ಅನ್ವಯಿಸುತ್ತದೆ, ಶಿಕ್ಷಕರನ್ನೂ ಸೇರಿಸಿಯೇ ಆ ಎಣಿಕೆ. ನೌಕರ ಮತ್ತು ಸಂಸ್ಥೆ ತಲಾ ಶೇ. 12 ಕಟ್ಟಬೇಕು. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬಂದ ಸಂಸ್ಥೆಯಲ್ಲಿ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ನೌಕರನ ಪಾಲು ಶೇ. 0.75, ಸಂಸ್ಥೆಯ ಪಾಲು ಶೇ. 3.25. ಹೆಂಡತಿಯ ಹೆರಿಗೆ, ತಂದೆಯ ಆಪರೇಷನ್ ಬಂದಾಗ ಇಎಸ್‌ಐ ಕಾರ್ಡಿನ ಬೆಲೆ ಗೊತ್ತಾಗುತ್ತದೆ. ಹಾಗೆ ಒಮ್ಮೆ ಉಪಯೋಗಕ್ಕೆ ಬಂದ ಮನೆಯವರೇ ಮುಂದೆ "ಆ ಕೆಲಸ ಬಿಡಬೇಡಿ" ಎನ್ನುತ್ತಾರೆ. ನೇಮಕಾತಿ ಪತ್ರವಂತೂ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೌಕರನ ಹಕ್ಕಾಗಿದೆ.

ಐದು ವರ್ಷ ನಿರಂತರ ಸೇವೆ ಪೂರೈಸಿದ ಕಾಯಂ ನೌಕರನಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಉಪದಾನ, ಸಲ್ಲಬೇಕು. ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನ, ತಿಂಗಳಿಗೆ 26 ದಿನದ ಲೆಕ್ಕ. ವೇತನ 15,000 ಇದ್ದರೆ ಐದು ವರ್ಷಕ್ಕೆ ಸುಮಾರು 43,000 ರೂಪಾಯಿ. ಇದನ್ನು ತಪ್ಪಿಸಲೆಂದೇ ಪ್ರತಿ ಏಪ್ರಿಲ್‌ನಲ್ಲಿ ರಾಜೀನಾಮೆ ಬರೆಸಿಕೊಂಡು ಜೂನ್‌ನಲ್ಲಿ ಹೊಸದಾಗಿ ಸೇರಿಸಿಕೊಳ್ಳುವ ಶಾಲೆಗಳುಂಟು. ಅಂಥವರು ಚಾಲಕರ ನಿಷ್ಠೆಯ ಬಗ್ಗೆ ದೂರುವುದು ವಿಚಿತ್ರ.

ಪ್ರಶ್ನೆ: ಚಾಲಕರು ಗುತ್ತಿಗೆದಾರನ ಕಡೆಯವರು. ಇದರಲ್ಲಿ ನಮ್ಮ ಪಾತ್ರವೇನು?

ಬಸ್ಸಿನ ಮೇಲೆ ಇರುವುದು ನಿಮ್ಮ ಶಾಲೆಯ ಹೆಸರು. ಗುತ್ತಿಗೆದಾರ ಪಿಎಫ್ ಕಟ್ಟದಿದ್ದರೆ ಹೊಣೆ ಮುಖ್ಯ ಉದ್ಯೋಗದಾತನಾದ ಶಾಲೆಗೂ ಬರುತ್ತದೆ. ಬಿಲ್ಲು ಪಾವತಿಸುವ ಮುನ್ನ ಹಿಂದಿನ ತಿಂಗಳು ಚಾಲಕರ ಖಾತೆಗೆ ಸಂಬಳ ಜಮೆಯಾದ ದಾಖಲೆ ಕೇಳುವುದನ್ನು ಒಪ್ಪಂದದಲ್ಲೇ ಸೇರಿಸಿ.

ಪ್ರಶ್ನೆ: ಪೋಷಕರ ದೂರುಗಳನ್ನು ಹೇಗೆ ನಿಭಾಯಿಸಬೇಕು?

ಬೇಸಿಗೆ ಸಂಬಳದ ನಂತರ ಚಾಲಕರನ್ನು ಹೆಚ್ಚು ನೋಯಿಸುವುದು ಇದೇ. ರೂಟಿನ ವಾಟ್ಸ್‌ಆಪ್ ಗುಂಪಿನಲ್ಲಿ ಬೆಳಗ್ಗೆ ಏಳೂವರೆಗೆ ಒಬ್ಬರು "ಬಸ್ ನಿಲ್ಲಿಸದೆ ಹೋದ" ಎಂದು ಬರೆಯುತ್ತಾರೆ. ಐದು ನಿಮಿಷದಲ್ಲಿ ಇನ್ನು ನಾಲ್ವರು ಅವರವರ ಹಳೆಯ ಅಸಮಾಧಾನಗಳನ್ನು ಸೇರಿಸುತ್ತಾರೆ. ಸ್ಟೇರಿಂಗ್ ಹಿಡಿದಿರುವವನು ಉತ್ತರಿಸುವಂತಿಲ್ಲ, ಉತ್ತರಿಸಲೂಬಾರದು. ಎಂಟೂಮುಕ್ಕಾಲಿಗೆ ಅವನು ಶಾಲೆಯ ಗೇಟು ಹೊಕ್ಕಾಗ ತೀರ್ಪು ಆಗಿಹೋಗಿರುತ್ತದೆ. ಆಫೀಸಿನಲ್ಲಿ ಶಿಕ್ಷಕರ ಎದುರೇ ಬೈಸಿಕೊಳ್ಳುವುದಷ್ಟೇ ಬಾಕಿ. ಮಗು ಹೊರಗೆ ಬಂದಿರಲಿಲ್ಲ, ಎರಡು ನಿಮಿಷ ಕಾದು ಹಾರ್ನ್ ಮಾಡಿ ಹೊರಟೆ, ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಕೂಡ ನೋಡಿದ್ದಾರೆ ಎಂದು ಅವನು ಹೇಳಿದರೂ ಅದನ್ನು ಗುಂಪಿನಲ್ಲಿ ಬರೆದು ಸರಿಪಡಿಸುವವರು ಯಾರೂ ಇರುವುದಿಲ್ಲ.

ಆದ್ದರಿಂದ ನಾಲ್ಕು ಪದ್ಧತಿಗಳನ್ನು ಖಡಾಖಂಡಿತವಾಗಿ ಪಾಲಿಸಬೇಕು. ಗುಂಪಿನಲ್ಲಿ ಶಾಲೆ ಮಾತ್ರ ಸಂದೇಶ ಹಾಕುವಂತಿರಬೇಕು. ದೂರುಗಳು ಇನ್‌ಚಾರ್ಜ್ ಅವರ ಫೋನಿಗೆ ಬರಬೇಕು. ಚಾಲಕ ಮತ್ತು ಆಯಾ ಇಬ್ಬರ ಮಾತನ್ನೂ ಕೇಳುವ ಮುನ್ನ ಪೋಷಕರಿಗೆ "ಕ್ರಮ ಕೈಗೊಳ್ಳುತ್ತೇವೆ" ಎಂದು ಮಾತು ಕೊಡಬಾರದು. ತಪ್ಪು ಚಾಲಕನದಲ್ಲ ಎಂದು ಗೊತ್ತಾದರೆ ಆ ಮಾತನ್ನು ಶಾಲೆಯೇ ಪೋಷಕರಿಗೆ ತಿಳಿಸಬೇಕು, ಅದೂ ಅದೇ ದಿನ. ಮೂರನೆಯದು ಶಾಲೆಗಳಿಗೆ ಅತ್ಯಂತ ಕಷ್ಟವಾಗುವುದು, ಏಕೆಂದರೆ ಶುಲ್ಕ ಕೊಡುವವರು ಪೋಷಕರು.

ತಡವಾಗುವುದರ ದೂರುಗಳಲ್ಲಿ ಎಷ್ಟೋ ರಸ್ತೆಯ ಸ್ಥಿತಿಯಿಂದ ಹುಟ್ಟುವಂಥವು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ನಿಷೇಧವಿರುವುದರಿಂದ ಅವೆಲ್ಲ ಸರ್ವಿಸ್ ರಸ್ತೆಗೆ ಇಳಿದಿವೆ, ಮಕ್ಕಳ ಸ್ಟಾಪುಗಳಿರುವುದೂ ಅದೇ ರಸ್ತೆಯಲ್ಲಿ. ಕಬ್ಬು ಅರೆಯುವ ಹಂಗಾಮಿನಲ್ಲಿ ಎರಡು ಟ್ರೇಲರ್ ಹೂಡಿದ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಬಿದ್ದ ಬಸ್ಸು ಹತ್ತು ನಿಮಿಷ ತಡವಾಗದೆ ಇರದು. ಹಂಗಾಮಿಗೆ ತಕ್ಕಂತೆ ವೇಳಾಪಟ್ಟಿಯನ್ನೇ ಬದಲಿಸಿ ಪೋಷಕರಿಗೆ ತಿಳಿಸುವುದು ಶಾಲೆಯ ಕೆಲಸ. ವೇಗ ಹೆಚ್ಚಿಸಿ ಸರಿದೂಗಿಸುವುದು ಚಾಲಕನ ಕೆಲಸವಲ್ಲ.

ಈ ರಕ್ಷಣೆಗೆ ಒಂದು ಮಿತಿಯಿದೆ. ಕುಡಿದು ಬಂದ, ಮಗುವಿನ ಮೈಮುಟ್ಟಿ ಅಸಭ್ಯವಾಗಿ ನಡೆದುಕೊಂಡ ಎಂಬಂಥ ದೂರು ಬಂದರೆ ಆ ಕ್ಷಣವೇ ಅವನನ್ನು ರೂಟಿನಿಂದ ಇಳಿಸಿ, ನಂತರ ವಿಚಾರಣೆ ನಡೆಸಬೇಕು. ಲೈಂಗಿಕ ದೌರ್ಜನ್ಯದ ಮಾಹಿತಿಯನ್ನು ಪೊಲೀಸರಿಗೆ ತಿಳಿಸುವುದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಅದನ್ನು ಶಾಲೆಯೊಳಗೇ ಇತ್ಯರ್ಥ ಮಾಡಲು ಹೋಗುವುದು ಅಪರಾಧ.

ಪ್ರಶ್ನೆ: ಮಕ್ಕಳ ಗಲಾಟೆಯಿಂದ ಬೇಸತ್ತಿದ್ದೇವೆ ಎಂದು ಚಾಲಕರು ಹೇಳುತ್ತಾರೆ. ಏನು ಮಾಡಬಹುದು?

ಬಸ್ಸಿನೊಳಗಿನ ಶಿಸ್ತು ಆಯಾ ಅವರ ಹೊಣೆ, ಅವರ ಹಿಂದೆ ಶಾಲೆ ನಿಲ್ಲಬೇಕು. ಏಳು, ಎಂಟನೆಯ ತರಗತಿಯ ಹುಡುಗರು ಆಯಾಮ್ಮನ ಮಾತು ಕೇಳುವುದಿಲ್ಲವೆಂದಾದರೆ ಆ ರೂಟಿನಲ್ಲಿ ಬರುವ ಶಿಕ್ಷಕರೊಬ್ಬರಿಗೆ ಅಧಿಕಾರ ಕೊಡಬಹುದು. ಚಾಲಕ ಕನ್ನಡಿಯಲ್ಲಿ ಹಿಂದೆ ನೋಡುತ್ತ ಗದರಬೇಕಾದ ಸ್ಥಿತಿ ಬರಬಾರದು.

ಪ್ರಶ್ನೆ: ಜಿಪಿಎಸ್ ಮತ್ತು ಕ್ಯಾಮೆರಾ ಹಾಕಿದರೆ ಚಾಲಕರ ಮನಸ್ಸಿಗೆ ನೋವಾಗುತ್ತದೆಯೇ?

ಅದರ ದಾಖಲೆಯನ್ನು ಯಾವುದಕ್ಕೆ ಬಳಸುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಬಸ್ಸು ಸ್ಟಾಪಿನಲ್ಲಿ ಎರಡು ನಿಮಿಷ ನಿಂತಿತ್ತೆಂದು ಜಿಪಿಎಸ್ ತೋರಿಸಿದಾಗ ಅದನ್ನು ಚಾಲಕನ ಪರವಾಗಿ ಒಮ್ಮೆಯಾದರೂ ಬಳಸಿದ ಶಾಲೆಯಲ್ಲಿ ಯಾರೂ ಅದರ ವೈರು ಕೀಳುವುದಿಲ್ಲ. ಟೀ ಕುಡಿಯಲು ಐದು ನಿಮಿಷ ನಿಲ್ಲಿಸಿದ್ದಕ್ಕೆ ಮಾತ್ರ ಅದನ್ನು ತೆಗೆದು ತೋರಿಸಿದರೆ, ಅದು ಆಗಾಗ ಕೆಡುತ್ತಲೇ ಇರುತ್ತದೆ.

ಪ್ರಶ್ನೆ: ಅರ್ಹ ಚಾಲಕರೇ ಸಿಗುತ್ತಿಲ್ಲ. ಅನುಭವದ ನಿಯಮವನ್ನು ಸ್ವಲ್ಪ ಸಡಿಲಿಸಬಹುದೇ?

ಕೂಡದು. 1997ರ ನವೆಂಬರಿನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸು ಯಮುನೆಗೆ ಬಿದ್ದು ಮಕ್ಕಳು ಸತ್ತ ನಂತರ, ಸುಪ್ರೀಂ ಕೋರ್ಟು ಅದೇ ವರ್ಷದ ಡಿಸೆಂಬರ್ 16ರಂದು ಕೊಟ್ಟ ನಿರ್ದೇಶನಗಳ ಪ್ರಕಾರ ಶಾಲಾ ಬಸ್ ಚಾಲಕನಿಗೆ ಭಾರಿ ವಾಹನ ಚಾಲನೆಯಲ್ಲಿ ಕನಿಷ್ಠ 5 ವರ್ಷಗಳ ಅನುಭವ ಇರಬೇಕು. ಅತಿವೇಗ, ಕುಡಿದು ಚಾಲನೆ ಅಥವಾ ಅಪಾಯಕಾರಿ ಚಾಲನೆಗಾಗಿ ಒಂದು ಬಾರಿಯೂ ಕೇಸು ಆಗಿರಬಾರದು. ಈ ನಿಯಮದ ಇನ್ನೊಂದು ಮುಖವನ್ನು ಆಡಳಿತ ಮಂಡಳಿಗಳು ಗಮನಿಸುವುದಿಲ್ಲ: "ಬೇಗ ಬಾ" ಎಂಬ ನಿಮ್ಮ ಒತ್ತಡಕ್ಕೆ ಮಣಿದು ಅವನು ಅತಿವೇಗದ ಒಂದು ಕೇಸು ಹಾಕಿಸಿಕೊಂಡರೆ, ಶಾಲಾ ಬಸ್ಸಿನ ಬಾಗಿಲು ಅವನಿಗೆ ಶಾಶ್ವತವಾಗಿ ಮುಚ್ಚಿದಂತೆಯೇ. ಅನುಭವಿ ಚಾಲಕರು ಅವಸರಪಡಿಸುವ ಶಾಲೆಗಳಿಂದ ದೂರವಿರುವುದು ಇದೇ ಕಾರಣಕ್ಕೆ.

ಮುಂದಿನ ಪೀಳಿಗೆಯನ್ನು ಶಾಲೆಯೇ ಬೆಳೆಸಿಕೊಳ್ಳಬಹುದು. ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು, ಅದರ ಕಲಿಕಾ ಲೈಸೆನ್ಸಿಗೆ ಲಘು ವಾಹನದ ಲೈಸೆನ್ಸು ಪಡೆದು ಒಂದು ವರ್ಷ ಆಗಿರಬೇಕು. ನಿಮ್ಮಲ್ಲೇ ಕ್ಲೀನರ್ ಆಗಿರುವ ಹುಡುಗನಿಗೆ ಹೆವಿ ಲೈಸೆನ್ಸು ಮಾಡಿಸಿ, ಸಾಮಾನು ಸಾಗಿಸುವ ವಾಹನದಲ್ಲಿ ಕೈ ಪಳಗಿಸಿದರೂ ಮಕ್ಕಳ ಬಸ್ಸು ಕೊಡಲು ಆರೇಳು ವರ್ಷ ಬೇಕು. ಅಷ್ಟು ದೀರ್ಘವಾಗಿ ಯೋಚಿಸುವ ಶಾಲೆಗಳು ವಿರಳ. ಇರುವ ಚಾಲಕರ ಲೈಸೆನ್ಸನ್ನು ಐದು ವರ್ಷಕ್ಕೊಮ್ಮೆ ನವೀಕರಿಸುವಾಗ ಆರ್‌ಟಿಒ ಶುಲ್ಕ, ವೈದ್ಯಕೀಯ ಪ್ರಮಾಣಪತ್ರದ ಖರ್ಚು ಮತ್ತು ಒಂದು ದಿನದ ಸಂಬಳಸಹಿತ ರಜೆ ಕೊಡುವುದಾದರೂ ಇಂದೇ ಸಾಧ್ಯ.

ಪ್ರಶ್ನೆ: ದೊಡ್ಡ ಮೊತ್ತದ ಅಡ್ವಾನ್ಸ್ ಕೊಟ್ಟರೆ ಚಾಲಕ ನಿಲ್ಲುವುದಿಲ್ಲವೇ?

ನಿಲ್ಲುತ್ತಾನೆ, ತೀರುವವರೆಗೆ. ಅಥವಾ ಇನ್ನೊಂದು ಶಾಲೆ ಅದನ್ನು ತೀರಿಸಿ ಕರೆದುಕೊಂಡು ಹೋಗುವವರೆಗೆ. ಮಕ್ಕಳ ಕಾಲೇಜು ಶುಲ್ಕಕ್ಕೋ ಆಸ್ಪತ್ರೆಗೋ ಬಡ್ಡಿಯಿಲ್ಲದ ಸಾಲ ಕೊಟ್ಟು ಸಣ್ಣ ಕಂತುಗಳಲ್ಲಿ ಮುರಿದುಕೊಳ್ಳುವುದು ಬೇರೆ, ಸಾಲದಿಂದ ಕಟ್ಟಿಹಾಕುವುದು ಬೇರೆ. ಅಸಲು ಡಿಎಲ್ ಅನ್ನು ಬೀರುವಿನಲ್ಲಿ ಇಟ್ಟುಕೊಳ್ಳುವ ಪದ್ಧತಿ ಎಲ್ಲಾದರೂ ಇದ್ದರೆ ಇಂದೇ ಹಿಂತಿರುಗಿಸಬೇಕು.

ಪ್ರಶ್ನೆ: ಆಯುಧಪೂಜೆಯ ದಿನ ಶಾಲು ಹೊದಿಸಿ ಗೌರವಿಸುತ್ತೇವೆ. ಇಂಥ ಕಾರ್ಯಕ್ರಮಗಳಿಂದ ಉಪಯೋಗವಿದೆಯೇ?

ಇದೆ, ಪೂಜೆಯ ಖರ್ಚನ್ನು ಚಾಲಕರ ಜೇಬಿಗೆ ಬಿಡದಿದ್ದರೆ. ಬಾಳೆಕಂದು, ಹೂವಿನ ಹಾರ, ಬೂದುಗುಂಬಳ, ಚಕ್ರದಡಿಗೆ ನಿಂಬೆಹಣ್ಣು, ಎಲ್ಲ ಸೇರಿ ಬಸ್ಸೊಂದಕ್ಕೆ ತಗಲುವುದನ್ನು ಶಾಲೆಯೇ ಕೊಟ್ಟು, ಕೀಲಿಯನ್ನು ಚಾಲಕನ ಕೈಯಿಂದಲೇ ಪೂಜೆಗೆ ಇಡಿಸಿದರೆ ಅವನ ಮುಖ ನೋಡಬೇಕು. ದಸರಾ ರಜೆಯಲ್ಲಿ ಮೈಸೂರಿನ ಚಾಲಕರಿಗೆ ಹೊರಗೆ ನಾಲ್ಕು ಕಾಸು ಸಂಪಾದಿಸುವ ಅವಕಾಶ ಇರುವುದರಿಂದ, ಆ ದಿನಗಳಲ್ಲಿ ಅವರನ್ನು ಸುಮ್ಮನೆ ಶಾಲೆಗೆ ಕರೆಸಿ ಹಾಜರಿ ಹಾಕಿಸದಿರುವುದೂ ಒಂದು ಸನ್ಮಾನವೇ.

ಪ್ರಶ್ನೆ: ಬಿಟ್ಟುಹೋದ ಚಾಲಕ ಮತ್ತೆ ಬರುತ್ತೇನೆಂದರೆ ಸೇರಿಸಿಕೊಳ್ಳಬೇಕೇ?

ಅಪಘಾತ ಅಥವಾ ನಡತೆಯ ದೂರಿನಿಂದ ಹೋದವನಲ್ಲದಿದ್ದರೆ ಸೇರಿಸಿಕೊಳ್ಳಿ, ರೂಟು ಗೊತ್ತಿರುವವನು. ಹೋಗುವಾಗ ಏಕೆ ಹೋದ, ಹೊರಗೆ ಏನು ಸಿಕ್ಕಿತು, ಏಕೆ ಸಾಲಲಿಲ್ಲ ಎಂಬುದನ್ನು ಆರಾಮವಾಗಿ ಕೂರಿಸಿ ಕೇಳಿದರೆ, ಉಳಿದ ಚಾಲಕರು ನಿಮಗೆ ಹೇಳದೆ ಇರುವುದೂ ಅವನ ಬಾಯಿಂದ ತಿಳಿಯುತ್ತದೆ. ಹಳೆಯ ಪಿಎಫ್ ಖಾತೆ ಸಂಖ್ಯೆಯನ್ನೇ ಮುಂದುವರಿಸಬಹುದು. ಆದರೆ ಗ್ರಾಚ್ಯುಟಿಯ ಐದು ವರ್ಷಗಳ ಎಣಿಕೆ ಹೊಸದಾಗಿ ಆರಂಭವಾಗುತ್ತದೆ ಎಂಬುದನ್ನು ಸೇರುವ ದಿನವೇ ಅವನಿಗೆ ತಿಳಿಸಿ, ನೇಮಕಾತಿ ಪತ್ರದಲ್ಲಿ ಬರೆದು ಕೊಡಿ.